ನೀರಿನ ಹನಿಗೆ ಕಣ್ಣು ಬರೆದರೆ ಏನಾಗುತ್ತದೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತೇನೆ. ಹೋದ ವರ್ಷ ಊರಿನ ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೊಂದು ಟಿವಿ ಕೊಡಿಸಿದರು. ಅಂದಿನಿಂದ ವಾರಕ್ಕೆರಡು ಸಲ ವಿಜ್ಞಾನದ ಕಾರ್ಟೂನ್ ಹಾಕುತ್ತಿದ್ದೇನೆ. ಮಕ್ಕಳು ಕುಣಿದಾಡಿ ನೋಡುತ್ತಾರೆ. ಮರುದಿನ ಕೇಳಿದರೆ ಮೊಲ ಜಾರಿ ಬಿದ್ದದ್ದು ಮಾತ್ರ ನೆನಪಿರುತ್ತದೆ, ಪಾಠ ಇರುವುದಿಲ್ಲ. ಕಾರ್ಟೂನಿನಿಂದ ನಿಜವಾಗಿ ಉಪಯೋಗ ಇದೆಯಾ? ಯಾವ ಪಾಠಕ್ಕೆ ಹಾಕಬೇಕು, ಎಷ್ಟು ಹೊತ್ತು? ನಮ್ಮಲ್ಲಿ ಕರೆಂಟನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ.

ಉತ್ತರ: ಟೀಚರ್, ಮೊಲ ಬಿದ್ದದ್ದು ಮಾತ್ರ ನೆನಪಿರುವುದು ನಿಮ್ಮ ಮಕ್ಕಳ ತಪ್ಪಲ್ಲ, ನಿಮ್ಮದೂ ಅಲ್ಲ. ಆ ಕಾರ್ಟೂನ್ ಮಾಡಿದವರು ಮೊಲ ಬೀಳುವ ಜಾಗಕ್ಕೇ ಜಾಸ್ತಿ ಕಷ್ಟಪಟ್ಟಿರುತ್ತಾರೆ. ನಗು ಎಲ್ಲಿರುತ್ತದೋ ನೆನಪೂ ಅಲ್ಲೇ ಹೋಗಿ ಕೂರುತ್ತದೆ.

ಈ ವಿಷಯದಲ್ಲಿ ನಾನೇ ಸರಿಯಾಗಿ ಮುಗ್ಗರಿಸಿದವನು. ಕಲಬುರಗಿ ಸುತ್ತಮುತ್ತ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಡಲು ಶುರು ಮಾಡಿದ ಹೊಸತರಲ್ಲಿ ಒಂದು ಶಾಲೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಜಲಚಕ್ರದ ಕಾರ್ಟೂನ್ ಹಾಕಿದೆ. ಅದರಲ್ಲಿ ಒಂದು ಮುದ್ದಾದ ನೀರಿನ ಹನಿ. ಅದಕ್ಕೆ ಎರಡು ಕಣ್ಣು, ಒಂದು ನಗು. ಸಮುದ್ರದಲ್ಲಿ ಆಡಿ ಬೇಜಾರಾಗಿ ಅದು ಮೇಲೆ ಹಾರುತ್ತದೆ, ಮೋಡದಲ್ಲಿ ಗೆಳೆಯರ ಜೊತೆ ಸೇರುತ್ತದೆ, ಆಮೇಲೆ ಮಳೆಯಾಗಿ ಇಳಿಯುತ್ತದೆ. ಮಕ್ಕಳು ಚಪ್ಪಾಳೆ ಹೊಡೆದರು, ನಾನು ಉಬ್ಬಿಹೋದೆ. ‘ಮಳೆ ನೀರು ಎಲ್ಲಿಂದ ಬರ್ತದ?’ ಅಂತ ಕೇಳಿದೆ. ‘ಸಮುದ್ರದಿಂದ್ರೀ’ ಅಂದರು. ‘ಸಮುದ್ರ ಎಲ್ಲದ?’ ಅಂದೆ. ‘ಟಿವಿಯಾಗ ಅದರೀ’ ಅಂತ ಬಂತು ಉತ್ತರ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, ‘ಸರ್, ನಮ್ಮ ಹಳ್ಳದ ನೀರಿಗೆ ಕಣ್ಣಿಲ್ರೀ. ಅದು ಮ್ಯಾಲ ಹೆಂಗ ಹೋಗ್ತದ?’ ಅಂದ.

ಅವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು, ಆ ಹುಡುಗ ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ. ಹನಿ ತನ್ನ ಇಷ್ಟದಿಂದ ಮೇಲೆ ಹೋಯಿತು ಅಂತ ಕಾರ್ಟೂನ್ ಹೇಳಿತ್ತು. ಬಿಸಿಲು, ಗಾಳಿ, ಆವಿ ಎಲ್ಲ ಹಿಂದೆ ಬಣ್ಣ ಹಚ್ಚಿದ ಪರದೆಯಾಗಿತ್ತು ಅಷ್ಟೇ. ನೀರು ಯಾಕೆ ಆವಿಯಾಗುತ್ತದೆ ಅನ್ನುವ ಒಂದೇ ಒಂದು ವಿಜ್ಞಾನದ ಮಾತನ್ನು ಆ ಎರಡು ಕಣ್ಣು ನುಂಗಿಹಾಕಿದ್ದವು.

ಮುಂದಿನ ವಾರ ಅದೇ ಶಾಲೆಗೆ ಬರಿಗೈಯಲ್ಲಿ ಹೋದೆ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರು. ಅದರ ಮೇಲೆ ಎರಡು ಕಡೆ ಒಂದೊಂದು ಲೋಟ ನೀರು ಚೆಲ್ಲಿಸಿದೆ, ಒಂದು ಬಿಸಿಲಲ್ಲಿ, ಒಂದು ಬೇವಿನ ಮರದ ನೆರಳಲ್ಲಿ. ಒದ್ದೆಯಾದಷ್ಟಕ್ಕೆ ಸುತ್ತ ಸೀಮೆಸುಣ್ಣದ ಗೆರೆ. ಐದೈದು ನಿಮಿಷಕ್ಕೆ ಹೊಸ ಗೆರೆ. ಬಿಸಿಲಿನ ಗೆರೆಗಳು ಬೇಗ ಬೇಗ ಒಳಗೆ ಸರಿದವು, ನೆರಳಿನವು ನಿಧಾನ. ಕಣ್ಣಿಲ್ಲದ ನೀರು ಕಣ್ಣೆದುರೇ ಹೋಯಿತು. ‘ಎಲ್ಲಿ ಹೋಯ್ತು?’ ಅಂತ ಮಕ್ಕಳೇ ಕೇಳಿದರು. ಆಗ ಹಾಕಬೇಕಿತ್ತು ನಾನು ಕಾರ್ಟೂನನ್ನು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಉಪಯೋಗ ಇದೆ, ಆದರೆ ಕಣ್ಣಿಗೆ ಕಾಣುವುದಕ್ಕೆ ಕಾರ್ಟೂನ್ ಬೇಡ. ಕಾಣದೇ ಇರುವುದಕ್ಕೆ ಬೇಕು, ಅದೂ ಮಗು ‘ಎಲ್ಲಿ? ಹೆಂಗ?’ ಅಂತ ಕೇಳಿದ ಮೇಲೆ.

ತೊಗರಿ ಮೊಳಕೆ ಒಡೆಯುವುದನ್ನು ಟಿವಿಯಲ್ಲಿ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ತೊಗರಿಯ ಚಿತ್ರ ನೋಡಬೇಕಾ? ಒದ್ದೆ ಬಟ್ಟೆಯಲ್ಲಿ ಹತ್ತು ಕಾಳು ಕಟ್ಟಿಟ್ಟರೆ ಕೆಲವೇ ದಿನದಲ್ಲಿ ಮಕ್ಕಳೇ ನೋಡುತ್ತಾರೆ. ಇರುವೆ ಸಾಲು, ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು, ಯಾವುದು ತೇಲುತ್ತದೆ ಯಾವುದು ಮುಳುಗುತ್ತದೆ, ಅಯಸ್ಕಾಂತಕ್ಕೆ ಏನು ಅಂಟುತ್ತದೆ, ಇದೆಲ್ಲ ಬಾಗಿಲಾಚೆ ಇದೆ. ಇದಕ್ಕೆ ಟಿವಿ ಹಚ್ಚಬೇಡಿ.

ಆದರೆ ತಿಂದ ರೊಟ್ಟಿ ಹೊಟ್ಟೆಯೊಳಗೆ ಎಲ್ಲಿ ಹೋಗುತ್ತದೆ, ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತದೆ, ಭೂಮಿ ತಿರುಗುವಾಗ ರಾತ್ರಿ ಹೇಗೆ ಆಗುತ್ತದೆ, ಬಿಸಿಯಾದ ನೀರಿನಲ್ಲಿ ಕಣಗಳು ಹೇಗೆ ಓಡಾಡುತ್ತವೆ? ಇವು ತೀರಾ ಒಳಗಿನವು, ತೀರಾ ದೊಡ್ಡವು ಅಥವಾ ತೀರಾ ಸಣ್ಣವು. ಇಲ್ಲಿ ಕಾರ್ಟೂನ್ ಮಾಡುವ ಕೆಲಸವನ್ನು ಕಪ್ಪು ಹಲಗೆ ಮಾಡಲಾರದು. ಆಗಲೂ ಕೈಗೊಂದು ಆಸರೆ ಕೊಡಿ. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್ ಅಂತ ಕಾರ್ಟೂನ್ ಹೇಳಿದ ಕೂಡಲೇ ಅದನ್ನು ನಿಲ್ಲಿಸಿ ಒಂದು ಸೀರೆ ಬಿಚ್ಚಿ ಹಾಸಿ. ಆರು ಗಜದ ಸೀರೆ ಅಂದರೆ ಐದೂವರೆ ಮೀಟರ್. ಹೆಚ್ಚುಕಮ್ಮಿ ಅಷ್ಟುದ್ದದ್ದು ಮಡಚಿಕೊಂಡು ತಮ್ಮ ಹೊಟ್ಟೆಯಲ್ಲಿದೆ ಅಂದಾಗ ಮಕ್ಕಳ ಮುಖ ನೋಡಬೇಕು ನೀವು. ಅಂಗಿ ಎತ್ತಿ ಹೊಟ್ಟೆ ನೋಡಿಕೊಳ್ಳುತ್ತಾರೆ.

ಚಿತ್ರ ಓಡಿದರೆ ತಾನಾಗೇ ಅರ್ಥವಾಗುತ್ತದೆ ಅನ್ನುವುದು ನಮ್ಮೆಲ್ಲರ ನಂಬಿಕೆ. ಅಮೆರಿಕದ ಮನಃಶಾಸ್ತ್ರಜ್ಞೆ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಇಂಥ ಬಹಳಷ್ಟು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಓಡುವ ಚಿತ್ರ ಗೆದ್ದಿದೆ ಅಂದ ಹಲವು ಕಡೆ, ಅದರಲ್ಲಿ ನಿಂತ ಚಿತ್ರಕ್ಕಿಂತ ಹೆಚ್ಚಿನ ವಿವರವೇ ಇತ್ತು. ಹೋಲಿಕೆಯೇ ಸಮ ಇರಲಿಲ್ಲ. ಇನ್ನೊಂದು ತೊಡಕು ಅಂದರೆ, ಓಡುವ ಚಿತ್ರ ಓಡಿಯೇ ಹೋಗುತ್ತದೆ. ಮಗು ಒಂದನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಪುಸ್ತಕದ ಚಿತ್ರವಾದರೆ ಬೆರಳಿಟ್ಟು ನೋಡಬಹುದು. ಹಾಗಾಗಿ ರಿಮೋಟಿನಲ್ಲಿ ನಿಮಗೆ ಬೇಕಾದ ಗುಂಡಿ ಒಂದೇ, ನಿಲ್ಲಿಸುವ ಗುಂಡಿ.

ನಾನು ಮಾಡುವ ರೀತಿ ಹೇಳುತ್ತೇನೆ. ಮೂರು ನಾಲ್ಕು ನಿಮಿಷಕ್ಕಿಂತ ಉದ್ದದ ತುಣುಕು ಹಾಕುವುದಿಲ್ಲ. ಇಪ್ಪತ್ತು ನಿಮಿಷದ್ದು ಸಿಕ್ಕರೆ ಅದರಲ್ಲಿ ಬೇಕಾದ ಮೂರು ನಿಮಿಷ ಮೊದಲೇ ಹುಡುಕಿ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ಸುಮ್ನೆ ನೋಡಲು ಬಿಡುತ್ತೇನೆ. ನಗಲಿ, ಕಿರುಚಲಿ. ಮೊಲ ಬಿದ್ದ ಖುಷಿ ಅಲ್ಲೇ ತೀರಲಿ. ಎರಡನೇ ಸಲ ಮುಖ್ಯ ಜಾಗ ಬರುವ ಒಂದು ಕ್ಷಣ ಮೊದಲು ನಿಲ್ಲಿಸುತ್ತೇನೆ. ‘ಈಗ ಏನಾಗ್ತದ? ಯಾಕ?’ ಅಂತ ಕೇಳುತ್ತೇನೆ. ಪಾಟಿಯ ಮೇಲೆ ಎಲ್ಲರೂ ಬರೆಯಬೇಕು ಇಲ್ಲವೇ ಚಿತ್ರ ಬಿಡಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಬಾಯಲ್ಲಾದರೆ ಮುಂದಿನ ಸಾಲಿನ ಇಬ್ಬರು ಹೇಳುತ್ತಾರೆ, ಉಳಿದವರು ಹೌದು ಹೌದು ಅನ್ನುತ್ತಾರೆ. ಆಮೇಲೆ ಮುಂದಿನದು ತೋರಿಸುತ್ತೇನೆ. ತಾನು ಬರೆದದ್ದು ತಪ್ಪು ಅಂತ ಕಂಡ ಮಗುವಿಗೆ ಆ ವಿಷಯ ಮರೆಯುವುದು ಕಷ್ಟ.

ಮೂರನೇ ಸಲ ಸೌಂಡ್ ಪೂರ್ತಿ ಬಂದ್. ಈಗ ಮಕ್ಕಳೇ ಕಾಮೆಂಟರಿ ಹೇಳಬೇಕು. ನಮ್ಮ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ. ಗುರುಮಠಕಲ್ ಕಡೆ ತೆಲುಗು, ಬೀದರ್ ಕಡೆ ಮರಾಠಿ. ಕಾರ್ಟೂನಿನ ಕನ್ನಡವೋ, ಬೆಂಗಳೂರಿನ ಸ್ಟುಡಿಯೋದಲ್ಲಿ ಇಸ್ತ್ರಿ ಮಾಡಿದ್ದು. ‘ಆವಿಯಾಗುವಿಕೆ’ ಅಂತ ಅದು ಹೇಳಿದಾಗ ಅರ್ಧ ಮಕ್ಕಳು ಆ ಪದದ ಹೊಸ್ತಿಲಲ್ಲೇ ನಿಂತಿರುತ್ತಾರೆ. ಸೌಂಡ್ ತೆಗೆದು ಮಗುವಿಗೆ ಹೇಳಲು ಬಿಟ್ಟರೆ ‘ಅಂಗಿ ಆರಿದಂಗ ನೀರು ಆರಿ ಹೋತು’ ಅನ್ನುತ್ತದೆ. ವಿಷಯ ತಲೆಗೆ ಹೋಯಿತು ಅಂತ ಲೆಕ್ಕ. ಪುಸ್ತಕದ ಪದವನ್ನು ಆಮೇಲೆ ಹಲಗೆಯ ಮೇಲೆ ಬರೆದು, ‘ನೀ ಹೇಳಿದ್ದಕ್ಕೇ ಇದು ಹೆಸರು’ ಅನ್ನಿ. ಲಂಬಾಣಿಯಲ್ಲಿ ಹೇಳಿದರೆ ಹೇಳಲಿ. ಪಕ್ಕದಲ್ಲಿರುವ ಮಗು ನಿಮಗೆ ಕನ್ನಡ ಮಾಡಿ ಹೇಳುತ್ತದೆ.

ಕಾರ್ಟೂನಿನ ಸುಳ್ಳುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮನೆಯಲ್ಲಿ ಮಕ್ಕಳು ನೋಡುವ ಕಾರ್ಟೂನಿನಲ್ಲಿ ಬೇರೆಯದೇ ಭೌತಶಾಸ್ತ್ರ ಇದೆ. ಓಡುತ್ತಾ ಬಂದವನು ಬಂಡೆಯ ಅಂಚು ದಾಟುತ್ತಾನೆ, ಗಾಳಿಯಲ್ಲೇ ನಿಲ್ಲುತ್ತಾನೆ, ಕೆಳಗೆ ನೋಡುತ್ತಾನೆ, ಆಮೇಲೆ ನೆಟ್ಟಗೆ ಬೀಳುತ್ತಾನೆ. ಕೆಳಗೆ ನೋಡದೇ ಇದ್ದರೆ ಬೀಳುತ್ತಿರಲಿಲ್ಲವೇನೋ! ಇದನ್ನು ನಿಷೇಧ ಮಾಡಬೇಡಿ, ಪಾಠ ಮಾಡಿ. ಮೇಜಿನ ಅಂಚಿನಲ್ಲಿ ಎರಡು ನಾಣ್ಯ ಇಡಿ. ಒಂದು ಸ್ಕೇಲಿನಿಂದ ಒಂದನ್ನು ಅಡ್ಡಕ್ಕೆ ಚಿಮ್ಮಿಸಿ, ಅದೇ ಏಟಿಗೆ ಇನ್ನೊಂದು ಅಲ್ಲೇ ನೆಟ್ಟಗೆ ಕೆಳಗೆ ಬೀಳಲಿ. ಮಕ್ಕಳು ಕಣ್ಣು ಮುಚ್ಚಿ ಕೇಳಬೇಕು. ಕಲ್ಲಿನ ನೆಲದ ಮೇಲೆ ಟಣ್ ಅಂತ ಒಂದೇ ಸದ್ದು. ದೂರ ಹೋದದ್ದೂ ಪಕ್ಕದಲ್ಲಿ ಬಿದ್ದದ್ದೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ. ಅಂಚು ದಾಟಿದ ಕ್ಷಣದಿಂದಲೇ ಬೀಳುವುದು ಶುರು, ಗಾಳಿಯಲ್ಲಿ ಕಾಯುವ ಹೊತ್ತು ಅಂತ ಏನೂ ಇಲ್ಲ. ಇದಾದ ಮೇಲೆ ಆ ಕಾರ್ಟೂನ್ ಇನ್ನೊಮ್ಮೆ ತೋರಿಸಿ. ಮಕ್ಕಳು ಈಗಲೂ ನಗುತ್ತಾರೆ, ಆದರೆ ಬೇರೆ ಕಾರಣಕ್ಕೆ.

ವಿಜ್ಞಾನದ್ದು ಅಂತ ಹೇಳಿಕೊಳ್ಳುವ ಕಾರ್ಟೂನುಗಳ ತಪ್ಪು ಇನ್ನೂ ಕೆಟ್ಟದು, ಯಾಕೆಂದರೆ ನಾವು ಅವನ್ನು ನಂಬಿ ಕೂರುತ್ತೇವೆ. ಭೂಮಿ ಸೂರ್ಯನ ಸುತ್ತುವ ದಾರಿಯನ್ನು ಉದ್ದನೆಯ ಮೊಟ್ಟೆಯ ಹಾಗೆ ಬರೆದಿರುತ್ತಾರೆ. ಅದನ್ನು ನೋಡಿದ ಮಗು ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಇರುತ್ತದೆ ಅಂತ ತೀರ್ಮಾನ ಮಾಡುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಆ ವಿವರಣೆ ಚೆನ್ನಾಗಿಯೇ ಹೊಂದುತ್ತದೆ, ಅಲ್ವಾ? ನಿಜ ಏನೆಂದರೆ ಆ ದಾರಿ ಹೆಚ್ಚುಕಮ್ಮಿ ದುಂಡಗೇ ಇದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ಬೇಸಿಗೆಗೆ ಕಾರಣ ದೂರ ಅಲ್ಲ, ಭೂಮಿ 23.5 ಡಿಗ್ರಿ ಓರೆಯಾಗಿರುವುದು. ಅಂಗಳದಲ್ಲಿ ಒಂದು ಕೋಲು ನೆಟ್ಟು ಡಿಸೆಂಬರಿನಲ್ಲೊಮ್ಮೆ, ಏಪ್ರಿಲ್ ಮೊದಲ ವಾರದಲ್ಲೊಮ್ಮೆ ನಡು ಮಧ್ಯಾಹ್ನದ ನೆರಳು ಅಳೆಸಿ. ಏಪ್ರಿಲಿನಲ್ಲಿ ನೆರಳು ಕೋಲಿನ ಕಾಲಿಗೆ ಬಂದು ಮುದುಡಿರುತ್ತದೆ. ಸೂರ್ಯ ನೆತ್ತಿಯ ಹತ್ತಿರ ಬಂದಿದ್ದಾನೆ ಅಂತ ಮಕ್ಕಳಿಗೇ ತಿಳಿಯುತ್ತದೆ.

ಚಂದ್ರನದೂ ಇದೇ ಕಥೆ. ಟಿವಿ ಪರದೆಯೊಳಗೆ ಹಿಡಿಸಬೇಕಲ್ಲ, ಅದಕ್ಕೆ ಭೂಮಿಯ ಮಗ್ಗುಲಲ್ಲೇ ಚಂದ್ರನನ್ನು ಕೂರಿಸಿರುತ್ತಾರೆ. ಒಂದು ತೆಂಗಿನಕಾಯಿ, ಒಂದು ಸಣ್ಣ ನಿಂಬೆಹಣ್ಣು ತರಿಸಿ. ತೆಂಗಿನಕಾಯಿ ಭೂಮಿ, ನಿಂಬೆ ಚಂದ್ರ. ಎರಡನ್ನೂ ಎಷ್ಟು ದೂರ ಇಡಬೇಕು ಅಂತ ಕೇಳಿ, ಎಲ್ಲರೂ ಒಂದು ಗೇಣು ಅನ್ನುತ್ತಾರೆ. ಸರಿಯಾದ ದೂರ ಸುಮಾರು ಹನ್ನೆರಡು ಅಡಿ. ಸೂರ್ಯನನ್ನು ಎಲ್ಲಿಡಬೇಕು ಅಂತ ಮಾತ್ರ ಕೇಳಿಸಿಕೊಳ್ಳಬೇಡಿ, ಒಂದು ಕಿಲೋಮೀಟರಿಗೂ ಆಚೆ ಹೋಗಬೇಕಾಗುತ್ತದೆ.

ಕೊಂಬು ಬರೆದ ರೋಗಾಣುಗಳದ್ದು ಇನ್ನೊಂದು ರಗಳೆ. ಕೈ ತೊಳೆಯಲು ಕಲಿಸುವಾಗ ಅದು ಕೆಲಸಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಕಣ್ಣಿಗೆ ಕಾಣದ ಜೀವಿಗಳೆಲ್ಲ ರಾಕ್ಷಸರು ಅಂತ ಮಕ್ಕಳು ತಿಳಿಯುತ್ತಾರೆ. ಮರುದಿನವೇ ಹಾಲಿಗೆ ಹೆಪ್ಪು ಹಾಕಿಸಿ, ಮೊಸರು ಮಾಡಿದ್ದು ಯಾರು ಅಂತ ಕೇಳಿಬಿಡಿ.

ಓಡುವ ಕಾರ್ಟೂನಿಗಿಂತ ನಿಂತ ಕಾರ್ಟೂನ್ ಕೆಲವು ಸಲ ಹೆಚ್ಚು ಕೆಲಸ ಮಾಡುತ್ತದೆ. ಇಂಗ್ಲೆಂಡಿನ ಬ್ರೆಂಡಾ ಕಿಯೋ ಮತ್ತು ಸ್ಟುವರ್ಟ್ ನೇಲರ್ ಅನ್ನುವ ಇಬ್ಬರು 1990ರ ದಶಕದ ಶುರುವಿನಲ್ಲಿ ಒಂದು ಸರಳ ಉಪಾಯ ಕಂಡುಕೊಂಡರು. ಒಂದೇ ಚಿತ್ರ, ಅದರಲ್ಲಿ ಮೂರ್ನಾಲ್ಕು ಮಕ್ಕಳು, ಒಂದು ದಿನನಿತ್ಯದ ವಿಷಯದ ಬಗ್ಗೆ ವಾದ. ಪ್ರತಿಯೊಬ್ಬರ ಬಾಯಿಯಿಂದ ಒಂದೊಂದು ಅಭಿಪ್ರಾಯದ ಗುಳ್ಳೆ. ಯಾರು ಸರಿ ಅಂತ ಚಿತ್ರ ಹೇಳುವುದಿಲ್ಲ. ಅವರ ಹೆಸರಾದ ಚಿತ್ರದಲ್ಲಿ ಹಿಮದ ಬೊಂಬೆಗೆ ಕೋಟು ಹಾಕಿದರೆ ಬೇಗ ಕರಗುತ್ತದಾ ಅಂತ ಮಕ್ಕಳು ಜಗಳ ಆಡುತ್ತಾರೆ. ಶಹಾಪುರದಲ್ಲಿ ಹಿಮ ಎಲ್ಲಿಂದ ತರುವುದು? ನಾನು ಅದನ್ನು ಬರ್ಫ್, ಅಂದರೆ ಐಸ್, ಮಾಡಿಕೊಂಡೆ.

ಹಲಗೆಯ ಮೇಲೆ ಒಂದು ಬರ್ಫಿನ ತುಂಡು, ಪಕ್ಕದಲ್ಲಿ ಕಂಬಳಿ, ಸುತ್ತ ಮೂರು ಮಕ್ಕಳು. ಚಿತ್ರ ಚೆನ್ನಾಗಿ ಬರಬೇಕಿಲ್ಲ, ನಾನು ಬರೆಯುವ ಮಕ್ಕಳು ಬದನೆಕಾಯಿಯ ಹಾಗಿರುತ್ತಾರೆ. ಒಬ್ಬಳು ಹೇಳುತ್ತಾಳೆ, ‘ಕಂಬಳಿ ಹೊದಿಸಿದ್ರ ಬಿಸಿ ಆಗಿ ಲಗೂ ಕರಗ್ತದ.’ ಇನ್ನೊಬ್ಬ, ‘ಇಲ್ಲ, ತಡ ಆಗಿ ಕರಗ್ತದ.’ ಮೂರನೆಯವಳು, ‘ಎರಡೂ ಒಂದಽ ಬಿಡ್ರಿ.’ ಇದನ್ನು ಬರೆದು ನೀವು ಸುಮ್ಮನೆ ಪಕ್ಕಕ್ಕೆ ನಿಂತರೆ ಸಾಕು. ತರಗತಿ ಮೂರು ಪಕ್ಷ ಆಗುತ್ತದೆ. ನಾನು ಹೋದ ಕಡೆಯೆಲ್ಲ ಮೊದಲ ಪಕ್ಷದ್ದೇ ಬಹುಮತ. ಕಂಬಳಿ ಬಿಸಿ ಕೊಡುತ್ತದೆ ಅಂತ ಚಳಿಗಾಲದಲ್ಲಿ ಅವರ ಮೈಯೇ ಹೇಳಿದೆಯಲ್ಲ! ‘ಮದುವಿ ಮನ್ಯಾಗ ಬರ್ಫಿಗೆ ಗೋಣಿಚೀಲ ಸುತ್ತಿರ್ತಾರ’ ಅಂತ ಯಾರೋ ಒಬ್ಬರು ನೆನಪು ಮಾಡಿಕೊಳ್ಳುವವರೆಗೆ ಗದ್ದಲವೇ ಗದ್ದಲ. ಆ ಮಾತು ಬಂದ ಮೇಲೆ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಆಗ ಒಂದೇ ಅಳತೆಯ ಎರಡು ತುಂಡು ತರಿಸಿ, ಒಂದಕ್ಕೆ ಕಂಬಳಿ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ಸುತ್ತಿದ್ದು ತಡವಾಗಿ ಕರಗುತ್ತದೆ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಬಿಸಿ ಆಚೀಚೆ ಹೋಗುವುದಕ್ಕೆ ಅಡ್ಡ ನಿಲ್ಲುತ್ತದೆ ಅಷ್ಟೇ. ನಮ್ಮ ಮೈಗೆ ಹೊದ್ದರೆ ಒಳಗಿನ ಬಿಸಿ ಹೊರಗೆ ಹೋಗದು, ಬರ್ಫಿಗೆ ಹೊದಿಸಿದರೆ ಹೊರಗಿನ ಬಿಸಿ ಒಳಗೆ ಬಾರದು. ಟಿವಿ ಇಲ್ಲ, ಕರೆಂಟ್ ಇಲ್ಲ, ಆದರೂ ಇದು ಕಾರ್ಟೂನ್ ಪಾಠವೇ.

ಎಷ್ಟು ಹೊತ್ತು ಅನ್ನುವುದಕ್ಕೆ ಬರುತ್ತೇನೆ. ಮೂರು ನಿಮಿಷದ ತುಣುಕನ್ನು ಮೂರು ಸಲ ನೋಡಿದರೂ ಹತ್ತು ನಿಮಿಷ. ಉಳಿದದ್ದು ಮಾತು ಮತ್ತು ಕೈಕೆಲಸ. ಇದರಿಂದ ಕಣ್ಣು ಹಾಳಾಗುತ್ತದಾ ಅಂತ ಪಾಲಕರು ಕೇಳಿದರೆ ಹೆದರಬೇಡಿ ಅನ್ನಿ, ಜೊತೆಗೆ ಮನೆಯ ಮೊಬೈಲಿನ ಲೆಕ್ಕವನ್ನೂ ಕೇಳಿ. 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಇರಲಿ ಅಂತ ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಇದೆ. ಇನ್ನೊಂದು ವಿಷಯ, ಪಟಪಟ ಅಂತ ದೃಶ್ಯ ಬದಲಾಗುವ ಕಾರ್ಟೂನ್ ಬೇಡ. 2011ರಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಬರೀ ಒಂಬತ್ತು ನಿಮಿಷ ಅಂಥದ್ದು ತೋರಿಸಿ ನೋಡಿದರು. ಕೂಡಲೇ ಕೊಟ್ಟ ಗಮನದ ಕೆಲಸಗಳಲ್ಲಿ ಆ ಮಕ್ಕಳು ಚಿತ್ರ ಬಿಡಿಸುತ್ತಾ ಕೂತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು. ನಿಮ್ಮ ಮಕ್ಕಳು ಅವರಿಗಿಂತ ದೊಡ್ಡವರು, ಆದರೂ ಕಾರ್ಟೂನ್ ಮುಗಿದ ಕೂಡಲೇ ಲೆಕ್ಕದ ಪಾಠಕ್ಕೆ ಹೋಗದಿರುವುದು ಒಳ್ಳೆಯದು.

ಟಿವಿ ಚೆನ್ನಾಗಿ ಕಾಣಲಿ ಅಂತ ಕಿಟಕಿ ಬಾಗಿಲು ಮುಚ್ಚುವ ಅಭ್ಯಾಸ ಇದ್ದರೆ ಬೇಸಿಗೆಯಲ್ಲಿ ಬಿಡಿ. ತಗಡಿನ ಮಾಡಿನ ಕೋಣೆಯಲ್ಲಿ ಮಾರ್ಚ್ ಮಧ್ಯಾಹ್ನ ನಲವತ್ತು ಮಕ್ಕಳನ್ನು ಕೂಡಿಹಾಕಿದರೆ ಭೂಮಿಯೂ ಬೇಡ, ಚಂದ್ರನೂ ಬೇಡ, ಗಾಳಿ ಬೇಕು ಅನ್ನುತ್ತಾರೆ. ಬೆಳಿಗ್ಗೆಯ ಮೊದಲ ಅವಧಿಗೆ ಇಟ್ಟುಕೊಳ್ಳಿ. ತುಣುಕನ್ನು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಂಡಿರಿ. ಪಾಠದ ನಡುವೆ ಸುತ್ತುವ ಗಾಲಿಯ ಗುರುತು ನೋಡುತ್ತಾ ಕೂರುವುದಕ್ಕಿಂತ ಬೇಜಾರಿನ ಕೆಲಸ ಇನ್ನೊಂದಿಲ್ಲ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ಮೊದಲು ಅದನ್ನೇ ದೀಕ್ಷಾ ಆ್ಯಪಿನಲ್ಲಿ ತೆರೆದು ನೋಡಿ, ಪಾಠಕ್ಕೆ ಹೊಂದುವ ಕನ್ನಡದ ತುಣುಕು ಸಿಗಬಹುದು. ಎಲ್ಲವೂ ಚೆನ್ನಾಗಿರುವುದಿಲ್ಲ, ಆರಿಸಿಕೊಳ್ಳಿ.

ಕರೆಂಟ್ ಹೋದರೆ? ನಿಮ್ಮ ಮಕ್ಕಳೇ ಕಾರ್ಟೂನ್ ಮಾಡಲಿ. ಓಡುವ ಚಿತ್ರ ಅಂತ ಜಗತ್ತಿನಲ್ಲಿ ಏನೂ ಇಲ್ಲ, ನಿಂತ ಚಿತ್ರಗಳನ್ನು ಬೇಗ ಬೇಗ ತೋರಿಸಿದರೆ ಮಿದುಳು ಅವನ್ನು ಸೇರಿಸಿ ಓಟ ಮಾಡಿಕೊಳ್ಳುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಸಿನಿಮಾ ಹುಟ್ಟುವ ಎಷ್ಟೋ ಮೊದಲೇ, 1832ರಲ್ಲಿ, ಬೆಲ್ಜಿಯಂನ ಜೋಸೆಫ್ ಪ್ಲೇಟೋ ಅನ್ನುವ ವಿಜ್ಞಾನಿ ಒಂದು ತಿರುಗುವ ತಟ್ಟೆಯ ಮೇಲೆ ಇದನ್ನು ಮಾಡಿ ತೋರಿಸಿದ್ದ. ನಿಮಗೆ ತಟ್ಟೆಯೂ ಬೇಡ, ಹಳೇ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು.

ಅಂಗೈ ಅಗಲದ 30 ಹಾಳೆ ಕತ್ತರಿಸಿ ಒಂದು ಬದಿಗೆ ಹೊಲಿಯಿರಿ. ಪ್ರತಿ ಹಾಳೆಯ ಮೇಲೂ ಒಂದೇ ಜಾಗದಲ್ಲಿ ಒಂದೇ ಬಳೆ ಇಟ್ಟು ದುಂಡಗೆ ಗೆರೆ ಎಳೆಸಿ. ಅಮಾವಾಸ್ಯೆಯ ಮರುದಿನದಿಂದ ದಿನಕ್ಕೊಂದು ಹಾಳೆ, ಅವತ್ತು ಚಂದ್ರ ಎಷ್ಟು ಕಂಡನೋ ಅಷ್ಟು ಬಿಡಿಸಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ, ಹಾಳೆ ಸರಿಹೋಗುತ್ತವೆ. ಹುಣ್ಣಿಮೆಯವರೆಗೆ ಸಂಜೆ ನೋಡಿದರೆ ಆಯಿತು. ಆಮೇಲೆ ಚಂದ್ರ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ ಮಾಡಿ ಹುಟ್ಟುತ್ತಾನೆ, ಮಕ್ಕಳು ಮಲಗಿಬಿಡುತ್ತಾರೆ. ಆಗ ಬೆಳಿಗ್ಗೆ ಎದ್ದ ಕೂಡಲೇ, ಮೂರ್ನಾಲ್ಕು ದಿನ ಕಳೆದ ಮೇಲೆ ಶಾಲೆಗೆ ಬರುವಾಗ, ಪಶ್ಚಿಮದ ಕಡೆ ಆಕಾಶ ನೋಡಲು ಹೇಳಿ, ಹಗಲಲ್ಲೂ ಚಂದ್ರ ಇರುತ್ತಾನೆ ಅನ್ನುವುದೇ ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ. ಕೊನೆಯ ನಾಲ್ಕೈದು ದಿನ ಮಾತ್ರ ಬೆಳಗಿನ ಜಾವ ಪೂರ್ವಕ್ಕೆ ನೋಡಬೇಕು, ದನ ಕರೆಯಲು ಎದ್ದ ಅಮ್ಮ ಎಬ್ಬಿಸಿದರೆ ಕೆಲಸ ಆಯಿತು. ತಿಂಗಳು ಮುಗಿದ ಮೇಲೆ ಹೆಬ್ಬೆರಳಿನಿಂದ ಹಾಳೆಗಳನ್ನು ಪುರ್ ಅಂತ ಬಿಟ್ಟರೆ ಚಂದ್ರ ಬೆಳೆದು ಕರಗುತ್ತಾನೆ. ಮೋಡ ಕವಿದ ದಿನದ ಹಾಳೆಯನ್ನು ಖಾಲಿಯೇ ಇಡಿಸಿ, ಊಹೆ ಮಾಡಿ ತುಂಬಲು ಬಿಡಬೇಡಿ. ಪುಸ್ತಕ ಓಡುವಾಗ ಚಂದ್ರ ಅಲ್ಲಿ ಒಮ್ಮೆ ಕಣ್ಣು ಮಿಟುಕಿಸುತ್ತಾನೆ. ಅವತ್ತು ಮಳೆ ಬಂದಿತ್ತಾ ಇಲ್ಲವಾ ಅಂತ ಮಕ್ಕಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.